ಕುತ್ತಿಗೆಗೆ ಚುಚ್ಚುವ ಕಂಬಳಿ

"ಗುರುಗಳೇ, ನನ್ನ ಅಡುಗೆ ಉಂಡವರೆಲ್ಲ ಚೆನ್ನಾಗಿದೆ ಅನ್ನುತ್ತಾರೆ. ನೀವು ಮಾತ್ರ ಒಂದು ದಿನವೂ ಆ ಮಾತು ಹೇಳಿಲ್ಲ. ಯಾಕೆ?"

ಕೇಳಿದವನು ಮಠದ ಅಡುಗೆಮನೆ ನೋಡಿಕೊಳ್ಳುತ್ತಿದ್ದ ಶಿಷ್ಯ ಗುರುಪಾದ. ಮನಸ್ಸು ನೊಂದಿತ್ತು. ಮಠ ಬಿಟ್ಟು ಹೋಗುವುದೆಂದು ಬಟ್ಟೆಯ ಗಂಟು ಕಟ್ಟಿಕೊಂಡೇ ಬಂದಿದ್ದ. ಗುರುಗಳು ಗಂಟನ್ನು ನೋಡಿದರು. "ಕೂತುಕೋ" ಎಂದು ಕತೆ ಶುರುಮಾಡಿದರು.

ಒಬ್ಬ ನೇಕಾರನಿದ್ದ. ಕುರಿಯುಣ್ಣೆಯ ಕಂಬಳಿ ನೇಯುವವನು. ಹೆಂಡತಿ ನೂಲು ತೆಗೆದು, ಹುಣಸೆ ಬೀಜದ ಗಂಜಿ ಕಾಯಿಸಿ ಅದಕ್ಕೆ ಬಳಿಯುವಳು. ಅವನು ಮಗ್ಗಕ್ಕೆ ಕೂರುವನು. ಮಕ್ಕಳಿರಲಿಲ್ಲ. ಅವರ ಕಡೆ ಒಂದು ಪದ್ಧತಿ. ಕಂಬಳಿ ಮಗ್ಗದಿಂದ ಇಳಿದ ಮೇಲೆ ಮನೆಯ ಹೆಂಗಸು ಅದನ್ನು ಬರಿಯ ಕುತ್ತಿಗೆಗೆ ಸುತ್ತಿಕೊಂಡು ಎಲ್ಲಿ ಚುಚ್ಚುತ್ತದೆಂದು ಹೇಳಬೇಕು. ಅಲ್ಲಿ ಕಲ್ಲಿನಿಂದ ಉಜ್ಜಿ ಮೆತ್ತಗೆ ಮಾಡಿದ ಮೇಲೆಯೇ ಕಂಬಳಿ ಹೊಸಿಲು ದಾಟಬೇಕು.

ಅವಳು ಬಾಯಿ ತೆರೆದರೆ ಮುಚ್ಚುವವಳಲ್ಲ. ಇಲ್ಲಿ ಚುಚ್ಚುತ್ತದೆ, ಅಲ್ಲಿ ಗಂಟಿದೆ, ಅಂಚು ಸೊಟ್ಟ. ಅವನು ಗೊಣಗುತ್ತ ಉಜ್ಜುವನು. ಜಗಳವಾಡುತ್ತಲೇ ಇಬ್ಬರೂ ಉಣ್ಣುವರು. ಆ ಮನೆಯಲ್ಲಿ ಮಾತಿಗೆ ಬರವಿರಲಿಲ್ಲ.

ಒಂದು ಸಂತೆಯಲ್ಲಿ ದೊಡ್ಡ ವರ್ತಕನೊಬ್ಬ ಅವನ ಕಂಬಳಿಯನ್ನು ನಾಲ್ಕು ಜನರ ಮುಂದೆ ಹೊಗಳಿದ. ನೇಕಾರ ಹಿಗ್ಗಿ ಹೀರೇಕಾಯಿಯಾದ. ವರ್ತಕನನ್ನು ಮನೆಗೇ ಕರೆತಂದ. ಹೊಸ ಕಂಬಳಿ ಆಗಷ್ಟೇ ಮಗ್ಗದಿಂದ ಇಳಿದಿತ್ತು. ಹೆಂಡತಿ ಎಂದಿನಂತೆ ಸುತ್ತಿಕೊಂಡಳು.

"ಕತ್ತಿನ ಹತ್ರ ಚುಚ್ತೈತೆ" ಎಂದಳು.

ವರ್ತಕ ನಕ್ಕು ಹೊರಟುಹೋದ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದನಂತೆ, ನೇಕಾರ ಕೆಂಡವಾದ. "ಊರೆಲ್ಲ ಚೆನ್ನಾಗೈತೆ ಅಂತೈತೆ. ನಿನ್ನ ಬಾಯಾಗೆ ಆ ಮಾತು ಬರಾಕಿಲ್ವಾ? ಇನ್ ಮ್ಯಾಲೆ ಅದೊಂದೇ ಹೇಳು. ಬ್ಯಾರೆ ಮಾತಾಡಿದ್ರೆ ಈ ಮನೆಯಾಗೆ ನೀನಿರಬ್ಯಾಡ."

ಅವಳಿಗೆ ಹೋಗಲು ಬೇರೆ ಮನೆಯಿರಲಿಲ್ಲ.

ಅಂದಿನಿಂದ ಕಂಬಳಿ ಸುತ್ತಿಕೊಂಡು "ಚೆನ್ನಾಗೈತೆ" ಎಂದಳು. ಅವನು ತಂದ ಹುಳು ಬಿದ್ದ ಜೋಳವೂ ಚೆನ್ನಾಗಿತ್ತು, ಸೋರುವ ಸೂರೂ ಚೆನ್ನಾಗಿತ್ತು. ಮೊದಮೊದಲು ಅವನಿಗೆ ಹಾಯೆನಿಸಿತು. ಬರುಬರುತ್ತ ಊಟಕ್ಕೆ ಕೂತರೆ ಮಾತೇ ಹುಟ್ಟದಾಯಿತು. ಬೇಕೆಂದೇ ಜಗಳ ತೆಗೆದು ನೋಡಿದ; ಅವಳು ಜಗಳಕ್ಕೂ ಬರಲಿಲ್ಲ. ಎದುರಿಗೆ ಅವಳು ಕೂತಿದ್ದರೂ ಒಬ್ಬನೇ ಉಣ್ಣುತ್ತಿದ್ದೇನೆ ಅನ್ನಿಸತೊಡಗಿತು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬಹುದಿತ್ತು. ಗಂಡಸಿನ ಬಿಗುಮಾನ, ತೆಗೆದುಕೊಳ್ಳಲಿಲ್ಲ.

ಒಂದು ಚಳಿಗಾಲ ಅವಳಿಗೆ ಕೆಮ್ಮು ಹಿಡಿಯಿತು. "ಹೆಂಗಿದ್ದೀಯಾ?" ಎಂದು ಕೇಳಿದ. "ಚೆನ್ನಾಗಿದ್ದೀನಿ" ಎಂದಳು. ಸರಿ ಎಂದು ಮಗ್ಗಕ್ಕೆ ಕೂತ. ಅವಳು ಹಾಸಿಗೆ ಹಿಡಿದ ಮೇಲೆ ಅವನಿಗೆ ದಿಗಿಲಾಯಿತು. ಮನೆಯಲ್ಲಿದ್ದ ಒಳ್ಳೆಯ ಉಣ್ಣೆಯನ್ನೆಲ್ಲ ಆರಿಸಿ, ತಾನೇ ನೂತು, ಅವಳಿಗೆಂದೇ ಒಂದು ಕಂಬಳಿ ನೇಯ್ದ. ಕುತ್ತಿಗೆಯವರೆಗೂ ಹೊದಿಸಿದ.

"ಹೆಂಗೈತೆ?"

"ಚೆನ್ನಾಗೈತೆ."

ಒಂದು ಬೆಳಿಗ್ಗೆ ಅವಳು ಏಳಲಿಲ್ಲ. ಮೀಯಿಸಲು ಬಂದ ಹೆಂಗಸರು ಕಂಬಳಿ ಸರಿಸಿದರು. ಕುತ್ತಿಗೆಯ ಸುತ್ತ ಚರ್ಮ ಕೆಂಪಗೆ ತರಚಿಹೋಗಿತ್ತು.

ಮಣ್ಣು ಮಾಡಿ ಬಂದವನು ಆ ಕಂಬಳಿಯನ್ನು ತನ್ನ ಬರಿಯ ಕುತ್ತಿಗೆಗೆ ಸುತ್ತಿಕೊಂಡ. ಅಷ್ಟು ವರ್ಷ ನೇಯ್ದವನು ಒಮ್ಮೆಯೂ ಹಾಗೆ ಸುತ್ತಿಕೊಂಡಿರಲಿಲ್ಲ. "ಚುಚ್ತೈತೆ ಕಣೇ" ಎಂದ. ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ಕಲ್ಲು ತಂದು ಅಳುತ್ತ ಉಜ್ಜತೊಡಗಿದ. ಯಾರಿಗಾಗಿ ಉಜ್ಜುತ್ತಿದ್ದೇನೆಂದು ಅವನಿಗೇ ಗೊತ್ತಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಗುರುಪಾದ ತಲೆ ತಗ್ಗಿಸಿ ಕೂತಿದ್ದ. ಗಂಟು ಇನ್ನೂ ಅವನ ತೊಡೆಯ ಮೇಲಿತ್ತು. ಗುರುಗಳು ಅವನ ಹೆಗಲ ಮೇಲೆ ಕೈಯಿಟ್ಟರು.

"ಇವತ್ತಿನ ಸಾರಿಗೆ ಉಪ್ಪು ಜಾಸ್ತಿಯಾಗಿತ್ತು, ಮಗನೇ."

ಶಿಷ್ಯ ತೊಡೆಯ ಮೇಲಿನ ಗಂಟನ್ನು ಬಿಚ್ಚತೊಡಗಿದ.