ಕೆಂಚಮ್ಮನ ಪಾಲಿನ ಆರು ಮರಿ

ಹೇಂಟೆ ಒಂದು, ಮರಿ ಹನ್ನೆರಡು. ಹೇಂಟೆ ಮೇಲಿನ ಬೀದಿಯ ದೊಡ್ಡೀರಮ್ಮನದು, ಸಾಕುವ ಕೆಲಸ ಕೆಂಚಮ್ಮನದು. ತಿಂಗಳು ತುಂಬಿದ ಮೇಲೆ ಹೇಂಟೆ ವಾಪಸ್ಸು. ಮರಿಗಳಲ್ಲಿ ಆರು ಅವಳಿಗೆ, ಆರು ಇವಳಿಗೆ. ನಡುವೆ ಹೋದದ್ದೆಲ್ಲ ಸಾಕಿದವಳ ಪಾಲಿನಲ್ಲಿ ವಜಾ. ಒಪ್ಪಂದ ಅಷ್ಟೆ. ತಕ್ಕಡಿ ಪೂರಾ ದೊಡ್ಡೀರಮ್ಮನ ಕಡೆಗೇ ವಾಲಿತ್ತು; ಆದರೆ ಕೋಳಿಯಿಲ್ಲದವರಿಗೆ ಕೋಳಿಯಿದ್ದವರು ಹೇಳಿದ್ದೇ ದರ.

ಕೆಂಚಮ್ಮ ಒಪ್ಪಿದಳು. ಸ್ವಂತಕ್ಕೆ ಆರು ಕೋಳಿ ಆಗಿಬಿಟ್ಟರೆ ಇನ್ನು ಯಾರ ಅಂಗಳದಲ್ಲೂ ನಿಂತು ಪಾಲಿಗೆ ಕೇಳುವುದಿಲ್ಲ ಎಂಬ ಹಟ ಅವಳದು. ಅವಳು ಮಾಡಿದ ತಪ್ಪು ಒಂದೇ. ಕಾವಲಿಗೆ ಮಗ ಜುಂಜನನ್ನು ಕೂರಿಸಿದಳು. ಜುಂಜನಿಗೆ ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು.

"ಲೋ ಜುಂಜ, ಹದ್ದು ಸುತ್ತುತ್ತಾ ಇದೆ. ಮರಿಗಳ ಮೇಲಿಂದ ಕಣ್ಣು ತೆಗೀಬೇಡ," ಎಂದು ಹೇಳಿ ಕೂಲಿಗೆ ಹೋದಳು. ಸಂಜೆ ಬಂದು ಎಣಿಸಿದರೆ ಹನ್ನೊಂದು.

"ಇನ್ನೊಂದೆಲ್ಲೋ?"

"ಹದ್ದು ಒಯ್ತು ಕಣವ್ವ."

"ನೀನೇನು ಮಾಡ್ತಿದ್ದೆ?"

"ಕಣ್ಣು ತೆಗೀಲಿಲ್ಲ. ಹದ್ದು ಹಿಡಿಯೋದು ನೋಡಿದೆ, ಹಾರೋದು ನೋಡಿದೆ, ಬೇವಿನ ಮರದ ಮೇಲೆ ಕೂತು ತಿನ್ನೋದೂ ನೋಡಿದೆ. ನೀನು ಹೇಳಿದ್ದೇ ಮಾಡಿದ್ದು."

"ನಿನ್ನ ಕಣ್ಣಿಗೆ ಬೆಂಕಿ ಹಾಕ. ಮರಿ ನೋಡೋದಲ್ಲ ಕಣೋ, ಆಕಾಶ ನೋಡು."

ಮಾರನೆಯ ದಿನ ಜುಂಜ ಅಂಗಳದಲ್ಲಿ ಅಂಗಾತ ಮಲಗಿ ಆಕಾಶ ನೋಡಿದ. ಹದ್ದು ಬರಲಿಲ್ಲ. ದೊಡ್ಡೀರಮ್ಮನ ಬೂದು ಬೆಕ್ಕು ಬಂತು. ಅವನ ಹೊಟ್ಟೆಯ ಮೇಲೇ ಹಾದುಹೋಗಿ ಒಂದು ಮರಿ ಕಚ್ಚಿಕೊಂಡು, ಅದೇ ದಾರಿಯಲ್ಲಿ ವಾಪಸ್ಸು ಹೋಯಿತು.

"ಬೆಕ್ಕು ನಿನ್ನನ್ನೇ ತುಳ್ಕೊಂಡು ಹೋದರೂ ಏಳಲಿಲ್ಲವೇನೋ?"

"ಎದ್ದರೆ ಆಕಾಶ ತಪ್ಪಿಹೋಗ್ತಿತ್ತು. ನೆಲದ ಮಾತು ನೀನು ಹೇಳಿರಲಿಲ್ಲ. ನೀನು ಹೇಳಿದ್ದೇ ಮಾಡಿದ್ದು."

"ನೋಡಿದ್ದು ಸಾಕು. ಏನೇ ಬರಲಿ, ತಟ್ಟೆ ತಗೊಂಡು ಬಡಿ. ಊರಿಗೆಲ್ಲ ಕೇಳಬೇಕು."

ತಟ್ಟೆ ಯಾವುದು? ದಿನಾ ಬೆಳಿಗ್ಗೆ ಕೆಂಚಮ್ಮ ರಾಗಿ ನುಚ್ಚು ಹಾಕಿ, ಟಣ್ ಟಣ್ ಬಡಿದು ಮರಿಗಳನ್ನು ಕರೆಯುತ್ತಿದ್ದ ತಗಡಿನ ತಟ್ಟೆ. ಹದ್ದು ಬಂತು. ಹೇಂಟೆ ಎಚ್ಚರಿಸಿ ಮರಿಗಳನ್ನೆಲ್ಲ ಲಂಟಾನ ಪೊದೆಯೊಳಗೆ ತೂರಿಸಿತು. ಜುಂಜ ಟಣ್ ಟಣ್ ಬಡಿದ. ನುಚ್ಚು ಬಂತೆಂದು ಹತ್ತೂ ಹೊರಗೆ ಓಡಿ ಬಂದವು. ಹದ್ದು ಒಂದನ್ನು ಒಯ್ದು ತಿಂದು ಮತ್ತೆ ಬಂತು. ಜುಂಜ ಮತ್ತೆ ಬಡಿದ. ಉಳಿದದ್ದು ಎಂಟು.

"ಹದ್ದನ್ನ ಊಟಕ್ಕೆ ಕರೆದೆಯಲ್ಲೋ, ಮೂದೇವಿ."

"ಊರಿಗೆಲ್ಲ ಕೇಳಿಸ್ತು ಕಣವ್ವ. ನೀನು ಹೇಳಿದ್ದೇ ಮಾಡಿದ್ದು."

"ಇನ್ನು ತಟ್ಟೆ ಮುಟ್ಟಿದರೆ ಕೈ ಮುರೀತೀನಿ. ಹದ್ದು ಇಳೀತು ಅಂದ್ರೆ ಮಂಕರಿ ಕವುಚಿ ಹಾಕು, ಮೇಲೆ ಕೂತ್ಕೊ. ನಾನು ಬರೋವರೆಗೂ ಏಳಬೇಡ."

ತಿಂಗಳು ತುಂಬಿದ ದಿನ ಹದ್ದು ಅಂಗಳಕ್ಕೇ ಇಳಿಯಿತು. ಒಂದೊಂದು ಕಾಲಲ್ಲಿ ಒಂದೊಂದು ಮರಿ ಅದುಮಿ ಹಿಡಿಯಿತು. ಜುಂಜ ದೊಡ್ಡ ಬಿದಿರಿನ ಮಂಕರಿ ತಂದು ಕವುಚಿದ. ಹದ್ದು ಒಳಗೆ, ಎರಡು ಮರಿ ಒಳಗೆ, ಜುಂಜ ಮೇಲೆ. ಉಳಿದ ಆರು ಪೊದೆಯಲ್ಲಿ. ಸಂಜೆಯವರೆಗೆ ಹದ್ದು ಯಾರ ಕಾಟವೂ ಇಲ್ಲದೆ ನೆರಳಲ್ಲಿ ಕೂತು ಎರಡನ್ನೂ ಮುಗಿಸಿತು.

ಕೆಂಚಮ್ಮ ಬಂದು ಬೈಯಲು ಬಾಯಿ ತೆಗೆಯುವಷ್ಟರಲ್ಲಿ ದೊಡ್ಡೀರಮ್ಮ ಪಾಲಿಗೆ ಬಂದಳು. ಬೀದಿಯ ನಾಲ್ಕು ಹೆಂಗಸರೂ ಹಿಂದೆ ಬಂದರು.

"ಆರೇ ಏನೇ ಕೆಂಚಿ? ಹಂಗಾದ್ರೆ ಆರೂ ನನ್ನವು. ಹೋದದ್ದು ನಿನ್ನ ಪಾಲು."

"ಒಂದು ನಿಮ್ಮ ಬೆಕ್ಕೇ ತಿಂದದ್ದು, ಅಮ್ಮಾರೆ. ಅದನ್ನೂ ನನ್ನ ತಲೆಗೇ ಕಟ್ತೀರಾ? ನಾನು ಕೊಡಲ್ಲ."

"ಹದ್ದಿನ ಹೊಟ್ಟೇಲಿರಲಿ, ಬೆಕ್ಕಿನ ಹೊಟ್ಟೇಲಿರಲಿ, ನನಗೇನು? ಹೊತ್ತು ಮುಳುಗೋದರೊಳಗೆ ಹೇಂಟೆ, ನನ್ನ ಆರು, ಎಲ್ಲ ನನ್ನ ಗೂಡಲ್ಲಿರಬೇಕು. ಬಂದವು ಅಂದ್ರೆ ಲೆಕ್ಕ ಚುಕ್ತಾ. ಈ ನಾಲ್ಕು ಜನದ ಎದುರಿಗೇ ಹೇಳಿದೀನಿ," ಎಂದು ದೊಡ್ಡೀರಮ್ಮ ಹೊರಟುಹೋದಳು.

ಕೆಂಚಮ್ಮ ಸೆರಗು ಮುಖಕ್ಕೆಳೆದುಕೊಂಡು ಗೋಡೆಗೊರಗಿದಳು. "ಹೋಗೋ ಜುಂಜ, ಆಯಮ್ಮ ಹೇಳಿದ್ದನ್ನೇ ಮಾಡಿ ಬಾ."

ಹೇಳಿದ್ದನ್ನು ಮಾಡುವುದರಲ್ಲಿ ಜುಂಜ ಎತ್ತಿದ ಕೈ. ಕವುಚಿದ್ದ ಮಂಕರಿಯ ಕೆಳಗೆ ಮೊರ ತೂರಿಸಿ, ಹಗ್ಗ ಬಿಗಿದು ತಲೆಮೇಲೆ ಹೊತ್ತ. ಹೇಂಟೆಯನ್ನು ಕಂಕುಳಲ್ಲಿ ಅವುಚಿಕೊಂಡ. ಹೋದ, ಖಾಲಿ ಮಂಕರಿ ಹಿಡಿದು ಬಂದ.

ಸ್ವಲ್ಪ ಹೊತ್ತಿಗೆ ಮೇಲಿನ ಬೀದಿಯಲ್ಲಿ ಬೊಬ್ಬೆ. ದೊಡ್ಡೀರಮ್ಮ ತಲೆತುಂಬ ಪುಕ್ಕ ಅಂಟಿಸಿಕೊಂಡು ಓಡಿಬಂದಳು. ಆರು ಎಣಿಸೋಣವೆಂದು ಗೂಡಿನ ಬಾಗಿಲು ತೆಗೆದಿದ್ದಳು. ಹದ್ದು ಅವಳ ತುರುಬು ಕೆದರಿ ಹಾರಿಹೋಗಿತ್ತು. ಬೊಬ್ಬೆ ಕೇಳಿ ಆ ನಾಲ್ಕು ಹೆಂಗಸರೂ ಹಿಂದೆಯೇ ಬಂದಿದ್ದರು.

"ನನ್ನ ಆರು ಎಲ್ಲೋ, ಹಾಳಾದೋನೆ?"

"ಐದು ಹದ್ದಿನ ಹೊಟ್ಟೇಲಿದ್ವು, ಹದ್ದು ಸಮೇತ ಗೂಡಿಗೆ ಬಿಟ್ಟೆ. ಬಾಗಿಲು ತೆಗೆದೋರು ನೀವು. ಇನ್ನೊಂದು ಬೆಕ್ಕಿನ ಹೊಟ್ಟೇಲಿತ್ತು. ಬೆಕ್ಕು ನಿಮ್ಮ ಒಲೆ ಪಕ್ಕ ಮಲಗಿತ್ತು, ಎತ್ಕೊಂಡು ಹೋಗಿ ಅದನ್ನೂ ನಿಮ್ಮ ಕೋಳಿಗಳ ಜೊತೆ ಗೂಡಿಗೇ ಹಾಕಿದೀನಿ. ನೀವು ಹೇಳಿದ್ದೇ ಮಾಡಿದ್ದು."

ನಾಲ್ಕು ಹೆಂಗಸರೂ ಬಾಯಿಗೆ ಸೆರಗು ಒತ್ತಿಕೊಂಡರು. "ಹೇಳಿದ್ದು ಹೌದಲ್ಲಮ್ಮ, ನಾವೂ ಕೇಳಿಸ್ಕೊಂಡ್ವಿ," ಅಂದಳು ಒಬ್ಬಳು.

ಕೆಂಚಮ್ಮ ಎದ್ದಳು. ಪೊದೆಯಿಂದ ಮರಿಗಳನ್ನು ತೆಗೆದು, ಮಂಕರಿ ಕವುಚಿ, ತಾನೇ ಅದರ ಮೇಲೆ ಕೂತಳು.

"ಲೆಕ್ಕ ಚುಕ್ತಾ, ಅಮ್ಮಾರೆ. ಬೆಕ್ಕು ಇನ್ನೂ ಗೂಡಲ್ಲೇ ಇದೆಯಂತೆ. ಬೇಗ ಹೋಗಿ."

ದೊಡ್ಡೀರಮ್ಮ ಓಡಿದಳು.

ಹದ್ದಿಗೆ ಐದು, ಬೆಕ್ಕಿಗೆ ಒಂದು. ದೊಡ್ಡೀರಮ್ಮನಿಗೆ ತನ್ನ ಹೇಂಟೆ. ಜುಂಜನಿಗೆ ಅವತ್ತು ಬೈಗುಳ ಇಲ್ಲ, ಮುದ್ದೆ ಎರಡು. ಕೆಂಚಮ್ಮನಿಗೆ ಮರಿ ಆರು, ಪೂರಾ ಆರು.