ದೊಡ್ಡರಾಣಿಯ ಹಿತ್ತಾಳೆ ಬೊಂಬೆಗಳು

"ಕೇಳ್ರಪ್ಪೋ ಕೇಳಿ! ಸಿರಿವಾಳದ ದೊರೆ ಮಲ್ಲಭೂಪರ ಅಪ್ಪಣೆ! ತೀರಿಹೋದ ದೊಡ್ಡರಾಣಿಯವರು ಮೊಮ್ಮಗಳು ಮಾಕಲದೇವಿಗೆ ಬಿಟ್ಟುಹೋದ ಎರಡು ಹಿತ್ತಾಳೆ ಬೊಂಬೆಗಳ ಗುರುತು ಹೇಳಿದವರಿಗೆ ಹೊಳೆಗೆ ಸೇತುವೆ ಕಟ್ಟಿಸುವ ಅಧಿಕಾರ, ಹೊಳೆದಂಡೆಯ ಹನ್ನೆರಡು ಹಳ್ಳಿ! ಒಗಟು ಮೂರು. ಒಂದು ತಪ್ಪಿದರೂ ತಲೆದಂಡ!"

ಡಂಗುರದವನು ಕಲ್ಲುಗಣಿಯ ಅಂಚಿನಲ್ಲಿ ನಿಂತು ಹೀಗೆ ಸಾರಿದಾಗ ಮೈಲಾರಿ ಚಕ್ರದೊಳಗಿದ್ದ. ಎರಡಾಳೆತ್ತರದ ಮರದ ಚಕ್ರ ಅದು. ಅದರೊಳಗೆ ಅವನು ಹೆಜ್ಜೆ ಹಾಕಿದರೆ ಹಗ್ಗ ಸುತ್ತಿಕೊಂಡು ತಳದ ಬಂಡೆ ಮೇಲೇರುತ್ತಿತ್ತು. ಹನ್ನೊಂದು ವರ್ಷ ನಡೆದಿದ್ದರೂ ಒಂದು ಗೇಣು ಮುಂದೆ ಹೋದವನಲ್ಲ.

"ಬೊಂಬೆಗೆ ಯಾಕಣ್ಣ ತಲೆದಂಡ?" ಎಂದು ಅವನು ಕೂಗಿ ಕೇಳಿದ.

"ಎರಡು ಸಲ ಸೇತುವೆ ಬಿದ್ದು ಹತ್ತೊಂಬತ್ತು ಜನ ಸತ್ತರಲ್ಲ! ಕಟ್ಟಿದೋರು ಬಾಯಲ್ಲಿ ಮಾತ್ರ ಮೇಸ್ತ್ರಿಗಳು. ಅಂಥೋರು ಮತ್ತೆ ಬರಬಾರದು ಅಂತ ತಲೆದಂಡ. ಈ ಬೊಂಬೆ ಗುರುತು ಹಿಡಿದೋನ ಕೈಗೇ ಹೊಳೆ ಕೊಡಿ ಅಂತ ದೊಡ್ಡರಾಣಿ ಸಾಯುವಾಗ ಹೇಳಿದ್ರಂತೆ."

ಹತ್ತೊಂಬತ್ತರಲ್ಲಿ ಒಬ್ಬ ಮೈಲಾರಿಯ ಅಪ್ಪ. ಮರುದಿನ ಅವನು ಕೆಲಸಕ್ಕೆ ಹೋಗಲಿಲ್ಲ. ಉತ್ತರ ಹೇಳುವ ಧೈರ್ಯ ಅವನಿಗಿರಲಿಲ್ಲ, ನೋಡಿ ಬರೋಣ ಎಂದಷ್ಟೇ ಅರಮನೆಗೆ ನಡೆದ.

ಸಭೆಯ ನಡುವೆ ಮಣೆಯ ಮೇಲೆ ಬೊಂಬೆಗಳಿದ್ದವು. ಮಾಕಲದೇವಿ ಮೊದಲನೆಯದನ್ನು ತೋರಿಸಿ, "ಕೊಕ್ಕರೆಯ ಹಾಗೆ ಕತ್ತು ಚಾಚಿದೆ, ಆದರೆ ಮೀನು ಹಿಡಿಯುವುದಿಲ್ಲ. ಒಳಗೆ ಮನುಷ್ಯ ನಡೆದರೆ ಹೊರಗೆ ಬೆಟ್ಟ ಏಳುತ್ತದೆ. ಏನಿದು?" ಎಂದಳು.

ಪಕ್ಕದ ನಾಡಿನ ರಾಜಕುಮಾರ ಮೀಸೆ ತಿರುವಿ, "ಬಾವಿಯ ಏತ!" ಎಂದ. ದೊರೆ ಅಲ್ಲವೆಂದು ತಲೆಯಾಡಿಸಿದ. ಕಾವಲಿನವರು ಅವನನ್ನು ಸೆರೆಮನೆಗೆ ಎಳೆದೊಯ್ದರು.

ಆಮೇಲೆ ಹಳೆ ಸಾಮಾನಿನ ವರ್ತಕ ತಿಪ್ಪಶೆಟ್ಟಿ ಎದ್ದ. ಊರೂರಿನ ಪುರಾತನ ವಸ್ತುಗಳಿಗೆ ಬೆಲೆ ಕಟ್ಟಿದವನು. "ಕೋಟೆಗೆ ಕಲ್ಲು ಬೀರುವ ಯುದ್ಧಯಂತ್ರ" ಎಂದ. ಅದೂ ತಪ್ಪು. "ಸ್ವಾಮಿ, ಮನೆಯಲ್ಲಿ ಮಕ್ಕಳಿದ್ದಾರೆ" ಎನ್ನುತ್ತಲೇ ಅವನೂ ಕಾವಲಿನವರ ಹಿಂದೆ ಹೋದ.

ಆಮೇಲೆ ಯಾರೂ ಏಳಲಿಲ್ಲ. ಕಂಬದ ಮರೆಯಿಂದ ಮೈಲಾರಿ ಬೊಂಬೆಯನ್ನೇ ನೋಡುತ್ತಿದ್ದ. ಅಂಗೈಯಗಲದ ಆ ಚಕ್ರದಲ್ಲಿ ತನ್ನ ಚಕ್ರದ ಒಂದೊಂದು ಅಡ್ಡಪಟ್ಟಿಯೂ ಇತ್ತು. ಯಾರು ಇಷ್ಟು ಸಣ್ಣದಾಗಿ ಮಾಡಿದರು? ಯಾಕೆ? ಕಾಲು ತಾನಾಗಿ ಮುಂದೆ ಬಂತು.

"ನೀನು ಯಾರಯ್ಯ?" ಎಂದ ದೊರೆ.

"ಚಕ್ರ ತುಳಿಯೋನು, ಬುದ್ಧಿ. ಇದು ಬಂಡೆ ಎತ್ತೋ ಯಂತ್ರ. ಒಳಗೆ ನಡೆಯೋನು ನಾನೇ."

ರಾಜಕುಮಾರಿಯ ಹುಬ್ಬು ಮೇಲೇರಿತು. ಎರಡನೆಯದನ್ನು ಮುಂದಿಟ್ಟಳು. "ಇದರ ಗುಂಡು ಏಳುವುದೇ ಬೀಳುವುದಕ್ಕೆ. ತಾನು ಬಿದ್ದಷ್ಟೂ ಇನ್ನೊಬ್ಬನನ್ನು ಗಟ್ಟಿಯಾಗಿ ನಿಲ್ಲಿಸುತ್ತದೆ."

"ಹೊಳೆಯ ತಳಕ್ಕೆ ಮರದ ಕಂಬ ಹೊಡೆಯೋದು, ತಾಯಿ. ಹಗ್ಗ ಎಳೆದು ಗುಂಡು ಮೇಲಕ್ಕೆತ್ತಿ ಕಂಬದ ತಲೆ ಮೇಲೆ ಬಿಡಬೇಕು. ನಮ್ಮಪ್ಪ ಇದರ ಹಗ್ಗ ಎಳೆದೋನು. ಕೊನೆಯ ಸೇತುವೆಯಲ್ಲಿ ಇದು ಬೇಡ ಅಂದ್ರು. ಅದಕ್ಕೇ ಬಿತ್ತು."

ಮಾಕಲದೇವಿ ಮೆಲ್ಲಗೆ ಕೇಳಿದಳು: "ಇವೆರಡೂ ಒಂದು ದಿನವೂ ಕೆಲಸ ಮಾಡಿದವಲ್ಲ, ಆದರೂ ತಮ್ಮ ಯಜಮಾನನಿಗೆ ಕೆಲಸ ಹುಡುಕಲು ಊರೂರು ತಿರುಗಿದವು. ಯಾಕೆ ಹುಟ್ಟಿದವು?"

ಮೈಲಾರಿ ಬಗ್ಗಿ ಬೊಂಬೆಗಳನ್ನು ನೋಡಿದ. "ಕೈಗೆ ತಗೊಂಡು ನೋಡಲಾ, ತಾಯಿ?" ಎಂದ. ಅವಳು ಕೊಟ್ಟಳು. ಅವನು ಚಕ್ರ ತಿರುಗಿಸಿದ. ಸಣ್ಣ ಕೊಕ್ಕೆ ಸರ್ರನೆ ಮೇಲೇರಿತು. ಅಚ್ಚು ಸವೆದಿರಲಿಲ್ಲ. ಪೀಠದ ಅಂಚು ಮಾತ್ರ ಹಲವು ಕೈಗಳು ಹಿಡಿದು ನುಣುಪಾಗಿತ್ತು. ಬುಡ ಮೇಲೆ ಮಾಡಿದರೆ ಅಕ್ಷರಗಳು. ಅವನಿಗೆ ಓದು ಬರುತ್ತಿರಲಿಲ್ಲ.

"ಏನು ಬರೆದಿದೆ?"

"ಬಾಚೋಜ, ತುಂಬಳ್ಳಿ, ಕೆರೆಯ ಮೂಡಲ ಬೀದಿ" ಎಂದು ಮಾಕಲದೇವಿ ಓದಿದಳು.

ಮೈಲಾರಿ ನಕ್ಕ. "ಆಡೋ ಬೊಂಬೆಗೆ ಬೀದಿ ಹೆಸರು ಯಾಕೆ ಬೇಕು? ದೊಡ್ಡ ಯಂತ್ರವನ್ನ ಗಾಡಿ ಮೇಲೆ ಹೇರಿಕೊಂಡು ಅರಮನೆಗೆ ಬರೋಕಾಗುತ್ತಾ? ಅದಕ್ಕೇ ಸಣ್ಣದು ಮಾಡಿದಾನೆ. ತೋರಿಸಿ, ಉಡುಗೊರೆ ಅಂತ ಬಿಟ್ಟುಹೋಗೋದು. ಇಷ್ಟವಾದರೆ ದೊಡ್ಡದು ಮಾಡಿಸೋಕೆ ಈ ವಿಳಾಸಕ್ಕೆ ಬರ್ತಾರೆ ಅಂತ."

ದೊರೆ ಸಿಂಹಾಸನದಿಂದ ಇಳಿದು ಬಂದ. "ಮೂರೂ ಸರಿ. ನಮ್ಮ ತಾಯಿ ಆ ಬಾಚೋಜನನ್ನು ಕರೆಸು ಅಂತ ಎಷ್ಟೋ ಸಲ ಹೇಳಿದ್ದರು. ಬೊಂಬೆ ಮಾರುವವನ ಮಾತೇನು ಅಂತ ನಾನೇ ಕೇಳಲಿಲ್ಲ. ಹನ್ನೆರಡು ಹಳ್ಳಿ ನಿನ್ನವು. ಇನ್ನೇನು ಬೇಕು?"

"ಸೆರೆಯಲ್ಲಿರೋ ಆ ಇಬ್ಬರನ್ನ ಬಿಟ್ಟುಬಿಡಿ, ಬುದ್ಧಿ. ಹೊಳೆಗೆ ಹತ್ತೊಂಬತ್ತು ತಲೆ ಸಾಕು."

ದೊರೆ ಬಿಡುಗಡೆಗೆ ಅಪ್ಪಣೆ ಕೊಟ್ಟ.

ನಾಲ್ಕನೆಯ ದಿನ ಮೈಲಾರಿ ಮತ್ತು ಮಾಕಲದೇವಿ ತುಂಬಳ್ಳಿ ಸೇರಿದರು. ಕೆರೆಯ ಮೂಡಲ ಬೀದಿಯಲ್ಲಿ ಕುಲುಮೆಯೊಂದು ಇನ್ನೂ ಉರಿಯುತ್ತಿತ್ತು. ಮುದುಕಿಯೊಬ್ಬಳು ತಿದಿ ಒತ್ತುತ್ತಿದ್ದಳು. ಬಾಚೋಜನ ಮಗಳು, ಹೆಸರು ಕಾಳವ್ವೆ. ಮೈಲಾರಿ ಬೊಂಬೆಯನ್ನು ಅವಳ ಕೈಗಿಟ್ಟ. ಅವಳು ಅದನ್ನು ಬೆಳಕಿಗೆ ಹಿಡಿದು ಚಕ್ರವನ್ನು ಒಮ್ಮೆ ತಿರುಗಿಸಿದಳು.

"ಸಿರಿವಾಳದೋರಾ? ಅಲ್ಲಿಂದ ಬಂದೇ ಬರ್ತಾರೆ ಅಂತ ನಮ್ಮಪ್ಪ ಕೊನೇ ತನಕ ದಾರಿ ನೋಡಿದ. ಇದನ್ನ ಅಲ್ಲಿ ಕೊಟ್ಟುಬಂದು ನಲವತ್ತು ವರ್ಷ ಆಯ್ತು," ಎಂದು ಸೆರಗಿನಿಂದ ಕಣ್ಣೊರೆಸಿ ಎದ್ದಳು. "ಇರಲಿ, ಬಂದ್ರಲ್ಲ. ಒಳಗೆ ಬನ್ನಿ. ನಿಮ್ಮ ಹೊಳೆ ಎಷ್ಟು ಆಳ ಇದೆ, ಮೊದಲು ಅದನ್ನ ಹೇಳಿ."