ಶಾಲು ಹೊದಿಸಬೇಕಾದ ಶಿಷ್ಯ

ಬೆಳಗಲ್ಲು ಸೀಮೆಯನ್ನು ಮಲ್ಲರಸ ದೊರೆ ಆಳುತ್ತಿದ್ದಾಗ, ಅರಮನೆಯ ವೈದ್ಯಶಾಲೆಗೆ ತಿರುಮಲಾಚಾರ್ಯರು ಗುರುಗಳಾಗಿದ್ದರು. ಅವರಿಗೆ ನಲವತ್ತು ಮಂದಿ ಶಿಷ್ಯರು. ಎತ್ತರದ ಜಗಲಿಯ ಮೇಲೆ ಕುಳಿತು, ಕಣ್ಣು ಮುಚ್ಚಿ ಪಾಠ ಆರಂಭಿಸಿ, ಕಣ್ಣು ಮುಚ್ಚಿಕೊಂಡೇ ಮುಗಿಸುವುದು ಅವರ ಪದ್ಧತಿ.

ಒಂದು ದಿನ ಅವರು ತುಂಬಿದ ಸಭೆಯಲ್ಲಿ ಎದ್ದು ನಿಂತರು.

"ಮಹಾಸ್ವಾಮಿ, ನನ್ನಂತಹ ಗುರು ಈ ಸೀಮೆಯಲ್ಲಿ ಹಿಂದೆ ಇರಲಿಲ್ಲ, ಮುಂದೆ ಹುಟ್ಟುವುದೂ ಸಂದೇಹ. ನಲವತ್ತು ಶಿಷ್ಯರೂ ನನಗೆ ಹೆತ್ತ ಮಕ್ಕಳಿದ್ದಂತೆ. ಮರೆಯಲ್ಲಿ ಒಬ್ಬ ಕೆಮ್ಮಿದರೆ ಸಾಕು, ಯಾರೆಂದು ಹೇಳಬಲ್ಲೆ. ಆದ್ದರಿಂದ ನನಗೊಂದು ಜರತಾರಿ ಶಾಲಿನ ಸನ್ಮಾನವಾಗಬೇಕು."

"ಆಗಲಿ," ಎಂದರು ದೊರೆ.

"ಇನ್ನೊಂದು ವಿಜ್ಞಾಪನೆ. ಕೊನೆಯ ಸಾಲಿನಲ್ಲಿ ಒಬ್ಬ ಉದ್ಧಟನಿದ್ದಾನೆ. ಪಾಠದ ನಡುವೆ ಪ್ರಶ್ನೆ ಕೇಳಿದ. ಪ್ರಶ್ನೆ ಕೇಳಿದವರಿಗೆ ನನ್ನ ಶಾಲೆಯಲ್ಲಿ ಸ್ಥಳವಿಲ್ಲ. ಅವನನ್ನು ಹೊರಗೆ ಹಾಕಲು ಅಪ್ಪಣೆಯಾಗಬೇಕು."

"ನಾಳೆಯ ಸಭೆಯಲ್ಲಿ ಎರಡೂ ನಡೆಯಲಿ."

ದೊರೆಯ ಪಕ್ಕದಲ್ಲಿ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದ ಗೌರಾಜಿ ತಲೆಯೆತ್ತಿ ನೋಡಿದಳು. ದೊರೆಗೆ ವೀಳ್ಯ ಮಡಿಸಿಕೊಡುವುದು ಅವಳ ಕೆಲಸ. ಸುಣ್ಣ ಹೆಚ್ಚಾದರೆ ಬಾಯಿ ಸುಡುತ್ತದೆಯಲ್ಲ, ಅವಳ ಮಾತೂ ಹಾಗೆಯೇ ಎಂದು ಸಭೆಯವರು ಅಂಜುತ್ತಿದ್ದರು.

ಸಭೆ ಮುಗಿದ ಮೇಲೆ ಅವಳು ವೈದ್ಯಶಾಲೆಗೆ ಹೋದಳು. ಬೊಮ್ಮಯ್ಯನೆಂಬ ತರುಣ ಮೆಟ್ಟಿಲ ಮೇಲೆ ಕುಳಿತು ಬಟ್ಟೆಯ ಗಂಟು ಕಟ್ಟುತ್ತಿದ್ದ.

"ಪ್ರಶ್ನೆ ಕೇಳಿದ ಮಹಾಪಾಪಿ ನೀನೇ ಏನಪ್ಪಾ?"

"ನಾನೇ ಅಮ್ಮ. ಕುಡಿಸಿದ ಕಷಾಯವನ್ನು ಮಗು ಕಕ್ಕಿಬಿಟ್ಟರೆ ಮುಂದೇನು ಮಾಡಬೇಕು ಎಂದೆ. ಗ್ರಂಥದಲ್ಲಿ ಕುಡಿಸುವುದಷ್ಟೇ ಇದೆ."

"ಗುರುಗಳು ಏನೆಂದರು?"

"ಕಣ್ಣು ತೆರೆದರು. ಮೂರು ವರ್ಷಗಳಲ್ಲಿ ನಾನು ಅವರ ಕಣ್ಣು ಕಂಡದ್ದು ಅಂದೇ." ಅವನು ಗಂಟನ್ನು ಎಳೆದು ಬಿಗಿದ. "ನಮ್ಮೂರಿನಲ್ಲಿ ವೈದ್ಯರಿಲ್ಲ ಅಮ್ಮ. ಕಲಿತು ಬಾ ಎಂದು ಊರೇ ಸೇರಿ ಕಳುಹಿಸಿದೆ. ಯಾವ ಮುಖ ಹೊತ್ತು ಹಿಂದಿರುಗಲಿ?"

"ಗುರುಗಳು ನಿನ್ನನ್ನು ಏನೆಂದು ಕರೆಯುತ್ತಾರೆ?"

"'ಏಯ್' ಎನ್ನುತ್ತಾರೆ. ನಲವತ್ತು ಮಂದಿಯೂ ತಿರುಗಿ ನೋಡುತ್ತೇವೆ."

ಗೌರಾಜಿ ನಕ್ಕಳು. "ಗಂಟು ಬಿಚ್ಚಿಡು. ನಾಳೆ ಸಭೆಯಲ್ಲಿ ಏನೇ ನಡೆದರೂ ನಿಮ್ಮಲ್ಲಿ ಒಬ್ಬರೂ ಬಾಯಿ ತೆರೆಯಬಾರದು."

"ಅದೊಂದನ್ನು ಚೆನ್ನಾಗಿ ಕಲಿಸಿದ್ದಾರೆ, ಅಮ್ಮ."

ಮರುದಿನ ಬೆಳ್ಳಿಯ ತಟ್ಟೆಯಲ್ಲಿ ಶಾಲು ಬಂತು. ಆಚಾರ್ಯರು ಪೀಠದ ಮೇಲೆ ಹೆಗಲು ಅಗಲಿಸಿ ಕುಳಿತರು. ನಲವತ್ತು ಶಿಷ್ಯರೂ ಸಾಲಾಗಿ ಕೆಳಗೆ ಕುಳಿತರು.

"ಮಹಾಸ್ವಾಮಿ," ಎಂದಳು ಗೌರಾಜಿ, "ಗುರುಗಳಿಗೆ ಪ್ರಿಯನಾದ ಶಿಷ್ಯನೇ ಶಾಲು ಹೊದಿಸಿದರೆ ಶೋಭೆ. ಹುಲಿಕೆರೆಯ ಸಿಂಗಣ್ಣ ಆಗಬಹುದೇ?"

"ಆಚಾರ್ಯರೇ, ಸಿಂಗಣ್ಣ ಹೇಗೆ?" ಎಂದು ದೊರೆ ಕೇಳಿದರು.

ಆಚಾರ್ಯರು ರೂಢಿಯಂತೆ ಕಣ್ಣು ಮುಚ್ಚಿದರು. "ಸಿಂಗಣ್ಣನೇ? ರತ್ನ! ಎತ್ತಿ ಆಡಿಸಿದ ಮಗುವಿನಂತೆ ಅವನನ್ನು ಬಲ್ಲೆ."

"ತಡವಾಗಿ ಬಂದದ್ದುಂಟೇ?" ಎಂದಳು ಗೌರಾಜಿ.

"ಒಂದು ದಿನವೂ ಇಲ್ಲ."

"ಪಾಠದ ವೇಳೆ ತೂಕಡಿಸಿದ್ದು?"

"ನಾನು ಕಂಡಿಲ್ಲ."

"ಪ್ರಶ್ನೆ ಕೇಳಿದ್ದು?"

"ನಾರಾಯಣ! ಅವನು ಬಾಯಿ ತೆರೆದದ್ದನ್ನೇ ನಾನು ನೋಡಿಲ್ಲ. ಶಿಷ್ಯನೆಂದರೆ ಹಾಗಿರಬೇಕು. ಇದ್ದಾನೋ ಇಲ್ಲವೋ ಎಂಬುದೇ ತಿಳಿಯಬಾರದು!"

"ಹಾಗಾದರೆ ಕರೆಯಿರಿ."

"ಸಿಂಗಣ್ಣಾ!"

ಯಾರೂ ಅಲುಗಲಿಲ್ಲ.

"ಏಯ್, ಸಿಂಗಣ್ಣಾ!"

'ಏಯ್' ಎಂದೊಡನೆ ನಲವತ್ತು ತಲೆಗಳು ತಿರುಗಿದವು. ಆದರೆ ಒಬ್ಬನೂ ಎದ್ದು ನಿಲ್ಲಲಿಲ್ಲ.

"ಬಹಳ ಸಂಕೋಚದ ಹುಡುಗ, ಮಹಾಸ್ವಾಮಿ," ಎಂದು ಆಚಾರ್ಯರು ಬೆವರು ಒರೆಸಿಕೊಂಡರು.

"ನಿಜ," ಎಂದಳು ಗೌರಾಜಿ. "ಎಷ್ಟು ಸಂಕೋಚವೆಂದರೆ, ಅವನು ಇನ್ನೂ ಹುಟ್ಟಿಯೇ ಇಲ್ಲ. ಇಂದು ಬೆಳಿಗ್ಗೆ ಅಡಕೆ ಕತ್ತರಿಸುತ್ತಿದ್ದಾಗ ನಾನೇ ಅವನಿಗೊಂದು ಹೆಸರಿಟ್ಟು, ಒಂದು ಊರನ್ನೂ ಕೊಟ್ಟೆ."

ಸಭೆ ಗೊಳ್ಳೆಂದಿತು. ಆಚಾರ್ಯರು ಕೆರಳಿದರು. "ವಯಸ್ಸಾದವನು ಒಂದು ಹೆಸರು ಮರೆತದ್ದು ಅಪರಾಧವೇ? ಎಲೆ ಮಡಿಸುವವಳಿಗೆ ವಿದ್ಯೆಯ ಗೊಡವೆ ಏಕೆ?"

"ಮರೆತಿರೆಂದು ಯಾರು ಹೇಳಿದರು, ಆಚಾರ್ಯರೇ? ಇಲ್ಲದವನನ್ನೇ ಇಷ್ಟು ಚೆನ್ನಾಗಿ ನೆನಪಿಟ್ಟಿದ್ದೀರಿ! ನಾನು ಎಲೆ ಮಡಿಸುವವಳೇ ಸರಿ. ಆದರೂ ಕೈಗೆ ಬಂದ ಎಲೆಯನ್ನು ತಿರುಗಿಸಿ ನೋಡದೆ ಸುಣ್ಣ ಹಚ್ಚುವುದಿಲ್ಲ."

ದೊರೆ ನಗು ತಡೆದುಕೊಂಡು, "ಶಾಲು ತಟ್ಟೆಯಲ್ಲಿಯೇ ಇರಲಿ. ಇನ್ನು ಎರಡನೆಯ ಕೆಲಸ. ಹೊರಗೆ ಹಾಕಬೇಕಾದ ಉದ್ಧಟನನ್ನು ಹೆಸರು ಹಿಡಿದು ಕರೆಯಿರಿ," ಎಂದರು.

ಆಚಾರ್ಯರು ಪೀಠದಿಂದ ಇಳಿದರು. ಕೊನೆಯ ಸಾಲಿಗೆ ಬಂದು ಒಂದೊಂದು ಮುಖವನ್ನೂ ಬಗ್ಗಿ ಬಗ್ಗಿ ನೋಡಿದರು. ಉಪಕಾರಕ್ಕಾದರೂ ಒಬ್ಬನೂ ಕೆಮ್ಮಲಿಲ್ಲ. ಕೊನೆಗೆ ಬೊಮ್ಮಯ್ಯ ತಾನಾಗಿಯೇ ಎದ್ದು ಕೈ ಮುಗಿದು ನಿಂತ. ಆಚಾರ್ಯರ ಧ್ವನಿ ಕುಗ್ಗಿತು.

"ನಿನ್ನ ಹೆಸರೇನಪ್ಪಾ?"

ಗೌರಾಜಿ ಥಟ್ಟನೆ ಎದ್ದಳು. "ಮಹಾಸ್ವಾಮಿ! ಪ್ರಶ್ನೆ ಕೇಳಿದವರಿಗೆ ಆ ಶಾಲೆಯಲ್ಲಿ ಸ್ಥಳವಿಲ್ಲ. ಈಗ ಗುರುಗಳೇ ಕೇಳಿಬಿಟ್ಟರು. ಹೊರಗೆ ಹಾಕೋಣವೇ?"

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಬೇಡ, ಬೇಡ! ಇದೇ ಪ್ರಶ್ನೆಯನ್ನು ಆಚಾರ್ಯರು ಉಳಿದ ಮೂವತ್ತೊಂಬತ್ತು ಮಂದಿಗೂ ಕೇಳಿ ಮುಗಿಸಲಿ. ಈ ಹುಡುಗ ಕೇಳಿದ್ದಕ್ಕೂ ಉತ್ತರ ಕೊಡಲಿ. ಅವನು ಕಲಿತು ತನ್ನೂರಿಗೆ ವೈದ್ಯನಾಗಿ ಹೊರಡುವ ದಿನ, ಅವನಿಗೆ ಮನಸ್ಸು ಬಂದರೆ ಶಾಲು ಹೊದಿಸಲಿ."

ಆಮೇಲೆ ತಮ್ಮ ಕೈಯ ಉಂಗುರವನ್ನು ಕಳಚಿ ಗೌರಾಜಿಯತ್ತ ನೀಡಿದರು.

"ನನಗೇಕೆ, ಮಹಾಸ್ವಾಮಿ?" ಎಂದಳು ಅವಳು, ಉಂಗುರವನ್ನು ಬೆರಳಿಗೆ ಏರಿಸಿಕೊಳ್ಳುತ್ತಲೇ. "ನ್ಯಾಯವಾಗಿ ಇದು ಸಿಂಗಣ್ಣನಿಗೆ ಸೇರಬೇಕು. ಪಾಪ, ತಾನು ಇಲ್ಲದಿದ್ದರೂ ಶಾಲೆಗೊಬ್ಬ ಗುರುವನ್ನು ತಂದುಕೊಟ್ಟ."